ಕೊಸರಿಗೆ ಬಂದ ಕವರು

ಮೈಸೂರಿನ ನಮ್ಮ ಹಳೆಯ ಮನೆಯ ಮುಂಬಾಗಿಲ ಹಿಂದೆ ಒಂದು ಮೊಳೆ ಇತ್ತು, ಅದರಲ್ಲಿ ಸದಾ ಎರಡು ಚೀಲಗಳು ನೇತಾಡುತ್ತಿದ್ದವು. ಒಂದು, ಅಪ್ಪನ ಹಳೆಯ ಪ್ಯಾಂಟನ್ನು ಬಿಚ್ಚಿ ಅಗ್ರಹಾರದ ದರ್ಜಿಯೊಬ್ಬರಿಂದ ಹೊಲಿಸಿದ್ದ ಬೂದುಬಣ್ಣದ ಚೀಲ, ಅದು ತರಕಾರಿಗೆ. ಇನ್ನೊಂದು, ಚಿಕ್ಕಮ್ಮನ ಮದುವೆಯ ಜವಳಿ ತೆಗೆದಾಗ ಅಂಗಡಿಯವರು ಸೀರೆಗಳನ್ನು ಹಾಕಿಕೊಟ್ಟಿದ್ದ ಹಳದಿ ಬಟ್ಟೆಯ ಚೀಲ, ಅದು ದಿನಸಿಗೆ. ಭಾನುವಾರ ಬೆಳಿಗ್ಗೆ ಅಪ್ಪ ದೇವರಾಜ ಮಾರುಕಟ್ಟೆಗೆ ಹೊರಟು ಚಪ್ಪಲಿ ಮೆಟ್ಟುವ ಹೊತ್ತಿಗೆ ಅಡುಗೆಮನೆಯಿಂದ ಅಮ್ಮನ ಧ್ವನಿ ಕೇಳುತ್ತಿತ್ತು: "ಚೀಲ ತಗೊಂಡ್ರಾ?" ದುಡ್ಡು ತಗೊಂಡ್ರಾ ಎಂದು ಅವರು ಎಂದೂ ಕೇಳಿದ್ದು ನನಗೆ ನೆನಪಿಲ್ಲ. ದುಡ್ಡು ಕಡಿಮೆ ಬಿದ್ದರೆ ಪರಿಚಯದ ಅಂಗಡಿಯವರು ಮುಂದಿನ ವಾರ ಕೊಡಿ ಎನ್ನುತ್ತಿದ್ದರು. ಚೀಲ ಮರೆತರೆ ಮಾತ್ರ ಬರಿಗೈಯಲ್ಲಿ ವಾಪಸಾಗಬೇಕಾಗಿತ್ತು.

ಚೀಲ ತುಂಬುವುದಕ್ಕೂ ಒಂದು ಕ್ರಮವಿತ್ತು. ಆಲೂಗಡ್ಡೆ, ಈರುಳ್ಳಿ, ಗೆಣಸು ತಳಕ್ಕೆ, ಅದರ ಮೇಲೆ ಬದನೆ, ಬೀನ್ಸು, ಟೊಮೇಟೊ ಕೊನೆಗೆ, ಎಲ್ಲಕ್ಕಿಂತ ಮೇಲೆ ಕೊತ್ತಂಬರಿ ಕಟ್ಟು ತಲೆ ಹೊರಗೆ ಹಾಕಿ ಕೂತಿರುತ್ತಿತ್ತು. ಮಲ್ಲಿಗೆ ಹೂವಿಗೆ ಬಾಳೆಲೆಯ ಚೂರು, ಅರಿಶಿನ ಕುಂಕುಮಕ್ಕೆ ಕಾಗದದ ಪೊಟ್ಟಣ, ಬೇಳೆಗೂ ಪೊಟ್ಟಣವೇ, ಎಣ್ಣೆಗೆ ಮನೆಯಿಂದಲೇ ಒಯ್ದ ಡಬ್ಬಿ. ಇದನ್ನೆಲ್ಲ ಪರಿಸರ ಪ್ರೀತಿ ಎಂದು ಯಾರೂ ಕರೆಯುತ್ತಿರಲಿಲ್ಲ. ಆ ಮಾತೇ ನಮ್ಮ ಮನೆಯೊಳಗೆ ಇನ್ನೂ ಬಂದಿರಲಿಲ್ಲ. ಕೊಳ್ಳುವವನು ಕೊಂಡದ್ದನ್ನು ಒಯ್ಯುವ ಏರ್ಪಾಡನ್ನು ತಾನೇ ಮಾಡಿಕೊಂಡು ಬರಬೇಕು ಎಂಬುದು ಮಾರುಕಟ್ಟೆಯ ಹೇಳದೆ ಇದ್ದ ನಿಯಮವಾಗಿತ್ತು, ಅಷ್ಟೇ. ಕೈಬೀಸಿಕೊಂಡು ಸಂತೆಗೆ ಬಂದವನನ್ನು ಅಂಗಡಿಯವರು ಕೊಳ್ಳಲು ಬಂದವನೆಂದೇ ಎಣಿಸುತ್ತಿರಲಿಲ್ಲ.

ಕವರು ನಮ್ಮ ಬೀದಿಗೆ ಬಂದದ್ದು ಹೆಚ್ಚು ಕಡಿಮೆ ನಾನು ಹೈಸ್ಕೂಲಿನಲ್ಲಿದ್ದಾಗ, ತೊಂಬತ್ತರ ದಶಕದ ಆರಂಭದಲ್ಲಿ. ನಾನಿಲ್ಲಿ ಕವರು ಎನ್ನುತ್ತಿರುವುದು ಮೈಸೂರು ಬೆಂಗಳೂರಿನ ಕಡೆಯ ರೂಢಿಯಿಂದ. ಮಂಗಳೂರಿನವರು ಅದನ್ನು ತೊಟ್ಟೆ ಎಂದರು, ಶಿರಸಿ ಸಾಗರದ ಕಡೆಯವರು ಕೊಟ್ಟೆ ಎಂದರು, ಉತ್ತರ ಕರ್ನಾಟಕದಲ್ಲಿ ಅದು ಕ್ಯಾರಿಬ್ಯಾಗ್ ಆಯಿತು. ಎಲೆಯನ್ನು ಮಡಚಿ ಕಡುಬಿಗಾಗಿ ಮಾಡುವ ಕೊಟ್ಟೆಯ ಹೆಸರು ಪ್ಲಾಸ್ಟಿಕ್ಕಿಗೆ ಅಂಟಿಕೊಂಡದ್ದನ್ನು ನೋಡಿದರೆ, ಹೊಸ ವಸ್ತುವನ್ನು ಜನ ಎಷ್ಟು ಬೇಗ ಮನೆಯ ಮಗುವಂತೆ ಒಳಗೆ ಕರೆದುಕೊಂಡರು ಎಂಬುದು ತಿಳಿಯುತ್ತದೆ. ಮೊದಮೊದಲು ಒಳ್ಳೆಯ ಜವಳಿ ಅಂಗಡಿಯ ದಪ್ಪನೆಯ ಕವರು ಒಂದು ಅಂತಸ್ತಿನ ಗುರುತಾಗಿತ್ತು. ನಮ್ಮ ಕಾಲೇಜಿನ ಹುಡುಗಿಯರು ಪುಸ್ತಕಗಳನ್ನು ಅಂಥ ಕವರಿನಲ್ಲಿ ಹಾಕಿಕೊಂಡು ಬರುತ್ತಿದ್ದರು. ಅದೇ ಹೊತ್ತಿನಲ್ಲಿ ಬೂದುಬಣ್ಣದ ಪ್ಯಾಂಟಿನ ಚೀಲ ಹಿಡಿದುಕೊಂಡು ಬಸ್ಸು ಹತ್ತುವುದು ನನಗೆ ನಾಚಿಕೆಯ ಸಂಗತಿಯಾಯಿತು. ಅಪ್ಪ ಒಮ್ಮೆ ಚೀಲ ಕೊಟ್ಟು ಸೊಪ್ಪು ತಾ ಎಂದಾಗ, ಅದನ್ನು ಹಿಡಿಯಲೊಲ್ಲದೆ ಬರಿಗೈಯಲ್ಲಿ ಹೋಗಿ ಕವರಿನಲ್ಲಿ ತಂದಿದ್ದೆ. ಅಪ್ಪ ಏನೂ ಅನ್ನಲಿಲ್ಲ. ಚೀಲವನ್ನು ಮತ್ತೆ ಮೊಳೆಗೆ ತಗುಲಿಸಿದರು. ಆ ದೃಶ್ಯ ಈಗಲೂ ನನ್ನನ್ನು ನೋಯಿಸುತ್ತದೆ.

ಈ ನಾಚಿಕೆ ನನ್ನೊಬ್ಬಳದಾಗಿರಲಿಲ್ಲ. ನೆರೆಯ ತಮಿಳುನಾಡಿನಲ್ಲಿ ಮಂಜಪ್ಪೈ ಎಂದರೆ ಹಳದಿ ಚೀಲ. ಆದರೆ ಹಳದಿ ಚೀಲ ಹಿಡಿದು ಪಟ್ಟಣಕ್ಕೆ ಬಂದವನು ಎಂದರೆ ಹಳ್ಳಿಗುಗ್ಗು ಎಂಬ ಅರ್ಥವೂ ಅಲ್ಲಿ ಬೆಳೆದಿತ್ತು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ಬಟ್ಟೆಯ ಚೀಲವನ್ನು ಮತ್ತೆ ಬಳಕೆಗೆ ತರುವ ಯೋಜನೆಗೆ 'ಮೀಂಡುಂ ಮಂಜಪ್ಪೈ', ಅಂದರೆ 'ಮತ್ತೆ ಹಳದಿ ಚೀಲ' ಎಂದೇ ಹೆಸರಿಟ್ಟಿತು. ಅವಮಾನವಾಗಿದ್ದ ಹೆಸರನ್ನೇ ಎತ್ತಿಕೊಂಡು ಗೌರವದ ಜಾಗದಲ್ಲಿ ಇಟ್ಟ ಆ ನಡೆ ನನಗೆ ತುಂಬ ಹಿಡಿಸಿತು. ಸಮಸ್ಯೆಯ ಬೇರು ಎಲ್ಲಿದೆ ಎಂಬುದನ್ನು ಆ ಹೆಸರಿಟ್ಟವರು ಕಂಡುಕೊಂಡಿದ್ದರು.

ಹಾಗೆಂದು ಕವರನ್ನು ನಮ್ಮ ಮನೆಗಳು ಒಮ್ಮೆಲೇ ಎಸೆಯುವ ವಸ್ತುವಾಗಿ ಕಂಡವು ಎನ್ನುವುದು ತಪ್ಪಾಗುತ್ತದೆ. ಅಮ್ಮ ಪ್ರತಿ ಕವರನ್ನೂ ತೊಳೆದು, ಬಟ್ಟೆ ಒಣಹಾಕುವ ತಂತಿಗೆ ಸಿಕ್ಕಿಸಿ, ಒಣಗಿದ ಮೇಲೆ ನಾಲ್ಕಾಗಿ ಮಡಚಿ ಹಾಸಿಗೆಯ ಕೆಳಗೆ ಇಡುತ್ತಿದ್ದರು. ನಂದಿನಿ ಹಾಲಿನ ಪ್ಯಾಕೆಟ್ಟುಗಳನ್ನೂ ಕತ್ತರಿಸಿ ತೊಳೆದು ಕಟ್ಟು ಕಟ್ಟಿ ಹಳೇ ಪೇಪರಿನವರಿಗೆ ಮಾರುತ್ತಿದ್ದರು. ಅಕ್ಕಪಕ್ಕದ ಮನೆಯ ಹೆಂಗಸರು ಮಧ್ಯಾಹ್ನ ಕೂತು ಬಣ್ಣಬಣ್ಣದ ಪ್ಲಾಸ್ಟಿಕ್ ವಯರಿನಿಂದ ಬುಟ್ಟಿ ಹೆಣೆಯುತ್ತಿದ್ದರು. ಅಂಥ ಒಂದು ವಯರ್ ಬುಟ್ಟಿ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷ ತರಕಾರಿ ಹೊತ್ತಿತು. ನಾವು ಇಂದು ಬಳಸುವ ಈ ಕವರಿನ ರೂಪವನ್ನು ಕಂಡುಹಿಡಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಎಂಜಿನಿಯರು. ಅದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1965ರಲ್ಲಿ. ತಮ್ಮ ತಂದೆ ಸದಾ ಒಂದು ಕವರನ್ನು ಮಡಚಿ ಜೇಬಿನಲ್ಲಿ ಇಟ್ಟುಕೊಂಡೇ ಹೊರಗೆ ಹೋಗುತ್ತಿದ್ದರು ಎಂದು ಅವರ ಮಗ ಹೇಳಿಕೊಂಡಿದ್ದಾರೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಅಮ್ಮನ ಹಾಸಿಗೆಯ ಕೆಳಗಿನ ಕವರುಗಳು. ಕೆಟ್ಟದ್ದು ಆದದ್ದು ಕವರು ಬಂದದ್ದರಿಂದಲ್ಲ, ಅದು ತೆಳುವಾಗುತ್ತಾ ಹೋದದ್ದರಿಂದ. ಮನೆ ಮುಟ್ಟುವಷ್ಟರಲ್ಲಿ ಹರಿದುಹೋಗುವ ಕವರನ್ನು ತೊಳೆದಿಡುವುದಕ್ಕೆ ಅಮ್ಮನಿಂದಲೂ ಆಗಲಿಲ್ಲ.

2005ರಲ್ಲಿ ನಾನು ಗಂಡನ ಉದ್ಯೋಗದ ಕಾರಣಕ್ಕೆ ಐರ್ಲೆಂಡಿನ ಡಬ್ಲಿನ್‌ಗೆ ಹೋದೆ. ತಲುಪಿದ ಎರಡನೆಯ ದಿನ ಮನೆಗೆ ಬೇಕಾದ ಸಾಮಾನು ತರಲು ಹತ್ತಿರದ ಅಂಗಡಿಗೆ ಹೋಗಿ, ಹಾಲು, ಬ್ರೆಡ್ಡು, ಅಕ್ಕಿ, ಈರುಳ್ಳಿ ಎಲ್ಲವನ್ನೂ ಕೌಂಟರಿನ ಮೇಲಿಟ್ಟು, ಅವರು ಕವರಿಗೆ ತುಂಬಿಸಿ ಕೊಡುತ್ತಾರೆಂದು ನಿಂತುಕೊಂಡೆ. ಗಲ್ಲಾಪೆಟ್ಟಿಗೆಯ ಮುಂದಿದ್ದ ಹೆಂಗಸು ಬಹಳ ಮೃದುವಾಗಿ ನಿಮ್ಮ ಚೀಲ ಎಲ್ಲಿ ಎಂದು ಕೇಳಿದರು. ನನ್ನಲ್ಲಿ ಇರಲಿಲ್ಲ. ಕವರು ಬೇಕಾದರೆ ಒಂದಕ್ಕೆ 15 ಸೆಂಟ್ ಎಂದರು. ನನ್ನ ಲೆಕ್ಕ ಇನ್ನೂ ರೂಪಾಯಿಯಲ್ಲೇ ಇತ್ತು. ಆಗ ಅದು ಸುಮಾರು 8 ರೂಪಾಯಿ, ಅಂದರೆ ಮೈಸೂರಿನ ಹೋಟೆಲಿನಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟು ದುಡ್ಡು. ಹಿಂದೆ ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಚೀಲ ಹಿಡಿದು ತಾಳ್ಮೆಯಿಂದ ನಿಂತಿದ್ದರು. ಎರಡು ಕವರು ತೆಗೆದುಕೊಂಡೆ. ರಸೀತಿಯಲ್ಲಿ ಹಾಲು, ಬ್ರೆಡ್ಡಿನ ಕೆಳಗೆ ಕವರಿನ ತೆರಿಗೆಗೆಂದೇ ಬೇರೆ ಸಾಲು ಇತ್ತು. ಆ ದಿನ ನನಗೆ ನೆನಪಾದದ್ದು ಅಮ್ಮನ ಪ್ರಶ್ನೆ. ಐದು ಸಾವಿರ ಮೈಲಿಗೂ ಹೆಚ್ಚು ದಾರಿ ಸುತ್ತಿ ಬಂದು, ಅದೇ ಪ್ರಶ್ನೆಯನ್ನು ಇನ್ನೊಬ್ಬ ಹೆಂಗಸಿನ ಬಾಯಲ್ಲಿ ಕೇಳಿದ್ದೆ.

ಐರ್ಲೆಂಡಿನಲ್ಲಿ ಈ ಏರ್ಪಾಡು ಬಂದದ್ದು 2002ರ ಮಾರ್ಚ್ 4ರಂದು, ನೋಯೆಲ್ ಡೆಂಪ್ಸಿ ಅಲ್ಲಿನ ಪರಿಸರ ಸಚಿವರಾಗಿದ್ದಾಗ. ಅದು ನಿಷೇಧವಾಗಿರಲಿಲ್ಲ. ಕವರು ಬೇಕಾದವರು ಕೊಳ್ಳಬಹುದಾಗಿತ್ತು. ಆದರೆ ತೆರಿಗೆಯನ್ನು ಅಂಗಡಿಯವರು ತಾವೇ ನುಂಗಿಕೊಂಡು ಗಿರಾಕಿಯನ್ನು ಮೆಚ್ಚಿಸುವಂತಿರಲಿಲ್ಲ, ಗಿರಾಕಿಯಿಂದಲೇ ವಸೂಲು ಮಾಡಿ ರಸೀತಿಯಲ್ಲಿ ತೋರಿಸಬೇಕಾಗಿತ್ತು. ಬಂದ ಹಣ ಪರಿಸರ ನಿಧಿಗೆ ಹೋಗುತ್ತಿತ್ತು. ಹಸಿಮಾಂಸ, ಮೀನು, ಬಿಡಿ ಹಣ್ಣುಗಳಿಗೆ ಹಾಕುವ ಸಣ್ಣ ಕವರುಗಳಿಗೆ ವಿನಾಯಿತಿ ಇತ್ತು. ಅದಕ್ಕೆ ಮೊದಲು ಪ್ರತಿಯೊಬ್ಬರೂ ವರ್ಷಕ್ಕೆ ಸರಾಸರಿ 328 ಕವರು ಬಳಸುತ್ತಿದ್ದರೆಂದು ಸರ್ಕಾರದ ಅಂದಾಜು. ತೆರಿಗೆ ಬಂದ ಕೂಡಲೇ ಅದು 21ಕ್ಕೆ ಇಳಿಯಿತು. ನಡುವೆ ಮತ್ತೆ 30ರ ಗಡಿ ದಾಟಿದ್ದರಿಂದ 2007ರ ಜುಲೈ 1ರಿಂದ ತೆರಿಗೆಯನ್ನು 22 ಸೆಂಟಿಗೆ ಏರಿಸಿದರು. ನಮ್ಮ ಪಕ್ಕದ ಮನೆಯಲ್ಲಿದ್ದ ವಯಸ್ಸಾದ ಹೆಂಗಸು, ಮೊದಲೆಲ್ಲ ಗಾಳಿಗೆ ಹಾರಿಹೋದ ಕವರುಗಳು ಬೇಲಿಯ ಮರಗಳಿಗೆ ಸಿಕ್ಕಿಕೊಂಡು ಚಿಂದಿಯಾಗಿ ಪಟಪಟಿಸುತ್ತಿದ್ದುದನ್ನು ವರ್ಣಿಸುತ್ತಿದ್ದರು. ಅವನ್ನು ಅಲ್ಲಿಯ ಜನ ಮಾಟಗಾತಿಯರ ಒಳಉಡುಪು ಎಂದು ಕರೆಯುತ್ತಿದ್ದರಂತೆ. ನಾನು ಇದ್ದ ಒಂಬತ್ತು ವರ್ಷಗಳಲ್ಲಿ ಅಂಥ ಮರವನ್ನು ಕಂಡದ್ದು ಬೆರಳೆಣಿಕೆಯಷ್ಟು.

ನನ್ನನ್ನು ಬೆರಗುಗೊಳಿಸಿದ್ದು ಆ ಅಂಕಿ ಅಂಶಗಳಿಗಿಂತ ನಾಚಿಕೆ ಪಕ್ಷ ಬದಲಿಸಿದ ಬಗೆ. ಕಾಲೇಜಿನ ದಿನಗಳಲ್ಲಿ ಬಟ್ಟೆಯ ಚೀಲ ಹಿಡಿಯಲು ಹಿಂಜರಿದಿದ್ದ ನಾನು, ಡಬ್ಲಿನ್ನಿನ ಬೀದಿಯಲ್ಲಿ ಆ ಎರಡು ಕವರುಗಳನ್ನು ಹಿಡಿದು ನಡೆಯಲು ಹಿಂಜರಿದೆ. ಯಾರೂ ನನ್ನನ್ನು ದಿಟ್ಟಿಸಿರಲಿಲ್ಲ, ಯಾರೂ ಬೈದಿರಲಿಲ್ಲ. ಆದರೂ ಎಲ್ಲರ ಕೈಯಲ್ಲಿ ಚೀಲವಿದ್ದ ಕಡೆ ನನ್ನ ಕೈಯಲ್ಲಿ ಕವರಿತ್ತು. ಒಂದು ತಿಂಗಳೊಳಗೆ ಬಾಗಿಲ ಹಿಂದೆ ಮೊಳೆ ಹೊಡೆದೆ.

2008ರ ಬೇಸಿಗೆಯಲ್ಲಿ ಅಮ್ಮ ಬಂದರು. ಅವರ ಸೂಟ್‌ಕೇಸಿನಲ್ಲಿ ಹಪ್ಪಳ, ಹುಳಿಪುಡಿ, ಚಟ್ನಿಪುಡಿಗಳ ನಡುವೆ ಒಂದು ದೊಡ್ಡ ಕಟ್ಟು ಮಡಚಿದ ಕವರುಗಳಿದ್ದವು, ಮಗಳ ಮನೆಯಲ್ಲಿ ಬೇಕಾಗಬಹುದು ಎಂದು. ಅಂಗಡಿಗೆ ಕರೆದುಕೊಂಡು ಹೋದಾಗ ಕವರಿಗೆ 22 ಸೆಂಟ್, ಅಂದರೆ 14-15 ರೂಪಾಯಿ ಎಂದು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಬರುವ ದಾರಿಯಲ್ಲಿ, "ಅಲ್ವೇ, ಇಷ್ಟೊಂದು ಸಾಮಾನು ತಗೊಂಡವರಿಗೆ ಒಂದು ಕವರು ಕೊಡಕ್ಕೆ ದುಡ್ಡು ಕೇಳ್ತಾರಲ್ಲ, ಗಿರಾಕಿಗೆ ಬೇಜಾರಾಗಲ್ವಾ?" ಎಂದರು. ದುಡ್ಡು ಅವರ ಕೊರಗಾಗಿರಲಿಲ್ಲ, ಏಕೆಂದರೆ ಕೊಡುವವಳು ನಾನು. ಅವರ ಕೊರಗು ಮರ್ಯಾದೆಯದು. ನಾನು ತಕ್ಷಣ ಪರಿಸರ, ಸಮುದ್ರ, ಮೀನು ಎಂದೆಲ್ಲ ವಿವರಿಸಲು ಹೊರಟೆ. ಅವರು ಕೇಳಿದ್ದು ಅದನ್ನಲ್ಲ ಎಂಬುದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ, ಮೈಸೂರಿಗೆ ಮರಳಿ ಬಂದು ಮತ್ತೆ ತಳ್ಳುಗಾಡಿಯ ಮುಂದೆ ನಿಂತಾಗ.

ನಮ್ಮಲ್ಲಿ ಕೊಸರು ಎಂಬುದೊಂದಿದೆ. ತೂಕ ಮುಗಿದ ಮೇಲೆ ಮಾರುವವಳು ತಾನಾಗಿ ಹಾಕುವ ಒಂದೆರಡು ಹೆಚ್ಚಿನ ಬೀನ್ಸು, ಬೇಡದೆ ಬರುವ ಕರಿಬೇವಿನ ಎಸಳು, ಮೊಳ ಅಳೆದ ಮೇಲೆ ಬಿಡುವ ನಾಲ್ಕು ಬೆರಳು ಹೂವು. ಕೊಸರಿಗೆ ಬೆಲೆ ಇಲ್ಲ, ಲೆಕ್ಕವಿಲ್ಲ, ರಸೀತಿಯಲ್ಲಿ ಜಾಗವಿಲ್ಲ. ಹೀಗೆ ಕೊಡುವುದರಿಂದಲೇ ವ್ಯಾಪಾರ ಬರಿಯ ವ್ಯಾಪಾರವಾಗಿ ಉಳಿಯದೆ ಪರಿಚಯವಾಗುತ್ತದೆ. ಕೊಸರು ಹಾಕದ ಅಂಗಡಿಯನ್ನು ಜಿಪುಣನ ಅಂಗಡಿ ಎನ್ನುತ್ತಾರೆ. ಕವರು ನಮ್ಮ ಮಾರುಕಟ್ಟೆಯೊಳಗೆ ಬಂದದ್ದು ಈ ಕೊಸರಿನ ಬಾಗಿಲಿನಿಂದ ಎಂದು ನನಗೆ ಈಗ ಅನ್ನಿಸುತ್ತದೆ. ಅದು ಸಾಮಾನಲ್ಲ, ಗೌರವ. ಆದ್ದರಿಂದಲೇ ಅದಕ್ಕೆ ಬೆಲೆ ಕಟ್ಟಿದರೆ ಗಿರಾಕಿಗೆ ಅವಮಾನ, ಗಿರಾಕಿ ಬೇಡವೆಂದರೆ ಮಾರುವವಳಿಗೆ ಕಸಿವಿಸಿ. ನಾನು ಊರಿಗೆ ಮರಳಿದ ಮೊದಲ ವಾರ, ನಮ್ಮ ಬೀದಿಗೆ ಬರುವ ಸೊಪ್ಪಿನ ಗಾಡಿಯ ಹೆಂಗಸಿನ ಮುಂದೆ ಚೀಲ ಬಿಡಿಸಿ ಹಿಡಿದಾಗ, "ಕವರು ಐತೆ ಅಕ್ಕಾ, ಪರ್ವಾಗಿಲ್ಲ ತಗಳಿ, ಅದಕ್ಕೇನು ಕಾಸು ಕೇಳಲ್ಲ" ಎಂದು ಅವರು ಹೇಳಿದ ರೀತಿಯಲ್ಲಿ ಸಣ್ಣ ನೋವು ಇತ್ತು. ತಾನು ಕೊಡಲಾರದವಳೆಂದು ನಾನು ತಿಳಿದೆನೇನೋ ಎಂಬಂಥ ನೋವು.

ಇದೇ ಭಾವನೆ ನ್ಯಾಯದ ಕಟ್ಟೆಯನ್ನೂ ಹತ್ತಿದೆ. 2019ರಲ್ಲಿ ಚಂಡೀಗಢದ ಗ್ರಾಹಕರ ವೇದಿಕೆಯೊಂದು, ಕಾಗದದ ಚೀಲಕ್ಕೆ 3 ರೂಪಾಯಿ ವಸೂಲು ಮಾಡಿದ ಪಾದರಕ್ಷೆಯ ಮಳಿಗೆಯೊಂದಕ್ಕೆ ದಂಡ ಹಾಕಿ, ಕೊಂಡ ವಸ್ತುವಿನ ಜೊತೆಗೆ ಚೀಲವನ್ನು ಉಚಿತವಾಗಿ ಕೊಡಬೇಕೆಂದು ಹೇಳಿತು. ಮಳಿಗೆಯ ಜಾಹೀರಾತು ಅಚ್ಚಾಗಿದ್ದ ಚೀಲವನ್ನು ಗಿರಾಕಿಗೇ ಮಾರುವುದು ಸರಿಯಲ್ಲ ಎಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ದೇಶದಲ್ಲಿ ಚೀಲಕ್ಕೆ ದುಡ್ಡು ತೆಗೆದುಕೊಳ್ಳದೆ ಇರುವುದು ಅಂಗಡಿಯವನ ತಪ್ಪು, ಇನ್ನೊಂದು ದೇಶದಲ್ಲಿ ತೆಗೆದುಕೊಳ್ಳುವುದು ತಪ್ಪು ಎಂದಾಗ, ಒಂದು ಕಡೆ ಗೆದ್ದ ಉಪಾಯವನ್ನು ಇನ್ನೊಂದು ಕಡೆಗೆ ಹಾಗೆಯೇ ಎತ್ತಿ ತರಲು ಬರುವುದಿಲ್ಲ.

ನಮ್ಮಲ್ಲಿ ಆರಿಸಿಕೊಂಡ ದಾರಿ ನಿಷೇಧದ್ದು. 2016ರ ಮಾರ್ಚ್ 11ರ ಅಧಿಸೂಚನೆಯಿಂದ ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಮಾರಾಟ, ಬಳಕೆ ಎಲ್ಲವೂ, ದಪ್ಪ ಎಷ್ಟೇ ಇರಲಿ, ನಿಷಿದ್ಧವಾದವು. ಅದರ ಜೊತೆಗೆ ಫ್ಲೆಕ್ಸು, ಬಂಟಿಂಗು, ತಟ್ಟೆ, ಲೋಟ, ಊಟದ ಮೇಜಿಗೆ ಹಾಸುವ ಹಾಳೆಗಳೂ. ಕೇಂದ್ರದ ನಿಯಮಗಳು ಬೇರೆ ದಾರಿ ಹಿಡಿದು ಕವರಿಗೆ ಇರಲೇಬೇಕಾದ ಕನಿಷ್ಠ ದಪ್ಪವನ್ನು ಏರಿಸುತ್ತಾ ಹೋದವು: 2011ರಲ್ಲಿ 40 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಡಿಸೆಂಬರ್ 31ರಿಂದ 120. ಸೊಪ್ಪಿನ ಗಾಡಿಯವರಿಗೆ ಮೈಕ್ರಾನ್ ಅಳೆಯುವ ಸಾಧನ ಎಲ್ಲಿಂದ ಬರಬೇಕು? ಅವರು ಸಗಟು ಅಂಗಡಿಯಲ್ಲಿ ಸಿಕ್ಕಿದ ಕಟ್ಟನ್ನು ಕೊಂಡು, ಗೋಣಿತಾಟಿನ ಕೆಳಗೆ ಮುಚ್ಚಿಟ್ಟುಕೊಂಡು, ಗಿರಾಕಿ ಕೇಳಿದಾಗ ಸುತ್ತ ನೋಡಿ ಒಂದನ್ನು ಎಳೆದು ಕೊಡುತ್ತಾರೆ. ದಾಳಿ ನಡೆದ ದಿನ ದಂಡ ತೆರುವವರು ಅವರೇ. ಕವರು ತಯಾರಿಸಿದವನೂ ಆ ಬೆಳಿಗ್ಗೆ ಅಲ್ಲಿರುವುದಿಲ್ಲ, ಕೈಬೀಸಿಕೊಂಡು ಬಂದು ಕವರು ಕೇಳಿದ ನಾವೂ ಇರುವುದಿಲ್ಲ. ಕೊಡದಿದ್ದರೆ ಪಕ್ಕದ ಗಾಡಿಗೆ ಹೋಗ್ತಾರೆ ಅಕ್ಕಾ ಎಂದು ಅವರು ಹೇಳಿದ ಮಾತು ಸತ್ಯ. ಐರ್ಲೆಂಡಿನಲ್ಲಿ ಪ್ರಶ್ನೆ ಕೇಳಿಸಿಕೊಂಡದ್ದು ಗಿರಾಕಿ; ನಮ್ಮಲ್ಲಿ ಉತ್ತರ ಕೊಡಬೇಕಾಗಿ ಬಂದದ್ದು ಸೊಪ್ಪು ಮಾರುವವಳು. ಇದು ಅನ್ಯಾಯ ಎಂದೇ ನನ್ನ ಭಾವನೆ.

ಇನ್ನು ದೊಡ್ಡ ಮಳಿಗೆಗಳ ವಿಚಾರ. ಊರಿಗೆ ಮರಳಿದ ಹೊಸತರಲ್ಲಿ ನಾನು ಎರಡು ಬಟ್ಟೆ ಚೀಲ ಹಿಡಿದು ಅಂಥದೊಂದು ಮಳಿಗೆಗೆ ಹೋದಾಗ, ಬಾಗಿಲಲ್ಲೇ ಕಾವಲಿನವರು ತಡೆದು ಚೀಲಗಳನ್ನು ಹೊರಗಿನ ಕಟ್ಟೆಯಲ್ಲಿ ಇಟ್ಟು ಟೋಕನ್ ತೆಗೆದುಕೊಳ್ಳಲು ಹೇಳಿದರು. ಖಾಲಿ ಚೀಲ ಎಂದು ಬಿಡಿಸಿ ತೋರಿಸಿದರೂ ಒಪ್ಪಲಿಲ್ಲ. ಸಾಮಾನಿಗೆ ದುಡ್ಡು ಕೊಟ್ಟ ಮೇಲೆ ಅದನ್ನೆಲ್ಲ ತಳ್ಳುಬುಟ್ಟಿಯಲ್ಲಿ ಬಾಗಿಲವರೆಗೆ ತಂದು, ಟೋಕನ್ ಕೊಟ್ಟು ಚೀಲ ಬಿಡಿಸಿಕೊಂಡು, ಅಲ್ಲಿ ನೆಲದ ಮೇಲೆ ಕೂತು ತುಂಬಿಸಿಕೊಳ್ಳಬೇಕಾಯಿತು. ಅದೇ ಹೊತ್ತಿಗೆ ಬರಿಗೈಯಲ್ಲಿ ಬಂದವರು ಮಳಿಗೆಯ ಹೆಸರು ಅಚ್ಚಾದ ಚೀಲಗಳಲ್ಲಿ ಸಾಮಾನು ತುಂಬಿಸಿಕೊಂಡು ಸರಾಗವಾಗಿ ಹೊರಟರು. ಕಳ್ಳತನದ ಭಯ ಅಂಗಡಿಗೆ ಇರುವುದು ಸಹಜ. ಆದರೆ ಮನೆಯಿಂದ ಚೀಲ ತಂದವರನ್ನೇ ಸಂಶಯದ ಕಣ್ಣಿನಿಂದ ನೋಡುವ ಏರ್ಪಾಡಿರುವ ತನಕ, ಗೋಡೆಯ ಮೇಲೆ ಭೂಮಿ ಉಳಿಸಿ ಎಂಬ ಫಲಕ ಹಾಕುವುದರಿಂದ ಏನೂ ಆಗುವುದಿಲ್ಲ. ಡಬ್ಲಿನ್ನಿನಲ್ಲಿ ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಅಂಗಡಿಯ ಸಾಲುಗಳ ನಡುವೆ ತಿರುಗುತ್ತಿದ್ದೆ. ಆ ನಂಬಿಕೆಯೂ ಆ ಪದ್ಧತಿಯ ಒಂದು ಭಾಗವಾಗಿತ್ತು.

ಆ ಮಳಿಗೆಯವರು ಕೊಡುವ ಚೀಲವೂ ಬಟ್ಟೆಯದಲ್ಲ. ಮುಟ್ಟಿದರೆ ಬಟ್ಟೆಯಂತೆ ಮೆತ್ತಗಿರುವ, ಬಣ್ಣಬಣ್ಣದ, ನಾನ್ ವೋವನ್ ಎಂಬ ಹೆಸರಿನ ಆ ಚೀಲಗಳು ಪಾಲಿಪ್ರಾಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಶಾಖದಿಂದ ಅಂಟಿಸಿ ಮಾಡಿದವು. ಅದರಲ್ಲಿ ನೂಲಿಲ್ಲ, ನೇಯ್ಗೆಯಿಲ್ಲ. ಬಿಸಿಲಿನಲ್ಲಿ ಕೆಲವು ತಿಂಗಳಿದ್ದರೆ ಪುಡಿಪುಡಿಯಾಗಿ ಉದುರುತ್ತವೆ, ಬೆಂಕಿ ತಗುಲಿದರೆ ಕರಗುತ್ತವೆ. ನಿಷೇಧದ ನಂತರ ಇವು ಬಟ್ಟೆಯ ಚೀಲದ ಹೆಸರಿನಲ್ಲಿ ಮನೆ ಮನೆಗೆ ಬಂದವು, ಮುಖ್ಯವಾಗಿ ಮದುವೆಗಳ ಮೂಲಕ.

ಮದುವೆಯ ತಾಂಬೂಲದ ಚೀಲದ ಬಗ್ಗೆ ಎಷ್ಟು ಬರೆದರೂ ಸಾಲದು. ಒಂದು ತೆಂಗಿನಕಾಯಿ, ಎರಡು ಎಲೆ, ಒಂದು ಅಡಿಕೆ ಚೂರು ಹಿಡಿಯುವಷ್ಟೇ ಅಗಲದ, ಒಂದು ಬದಿಗೆ ಗಣಪತಿ, ಇನ್ನೊಂದು ಬದಿಗೆ ವಧೂವರರ ಹೆಸರು ಅಚ್ಚಾದ ಈ ಚೀಲಗಳು ಪ್ರತಿ ಕನ್ನಡದ ಮನೆಯ ಕಪಾಟಿನಲ್ಲೂ ಇವೆ. ಅಮ್ಮ ತೀರಿಕೊಂಡ ಮೇಲೆ ಅವರ ಕಪಾಟು ತೆಗೆದಾಗ ನನಗೆ ಸಿಕ್ಕಿದ್ದು ಒಟ್ಟು 63. ಕೆಲವು ದಪ್ಪ ಹತ್ತಿಯವು, ಕೆಲವು ಸೆಣಬಿನವು, ಉಳಿದವು ನಾನ್ ವೋವನ್. ಅವುಗಳ ಮೇಲೆ ನಮ್ಮ ಬಂಧುಬಳಗದ ಇಪ್ಪತ್ತು ವರ್ಷಗಳ ಚರಿತ್ರೆಯೇ ಅಚ್ಚಾಗಿತ್ತು. ಒಂದನ್ನೂ ಅವರು ಎಸೆದಿರಲಿಲ್ಲ, ಒಂದನ್ನೂ ಬಳಸಿರಲಿಲ್ಲ.

ಇಲ್ಲಿ ಒಂದು ಕಠಿಣ ಲೆಕ್ಕವನ್ನು ಹೇಳಲೇಬೇಕು. ಹತ್ತಿ ಬೆಳೆಯುವುದಕ್ಕೆ ನೀರು, ಗೊಬ್ಬರ, ಔಷಧಿ, ನೂಲುವುದಕ್ಕೆ ವಿದ್ಯುತ್ತು ಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಸಲ ಬಳಸಿ ಬಿಸಾಡುವ ಕವರಿಗಿಂತ ಹತ್ತಿಯ ಚೀಲ ಹವಾಮಾನದ ದೃಷ್ಟಿಯಿಂದ ಮೇಲೆನಿಸಬೇಕಾದರೆ ಅದನ್ನು ಕನಿಷ್ಠ 131 ಬಾರಿ ಬಳಸಬೇಕು. ವಾರಕ್ಕೆ ಒಂದು ಸಂತೆಯಂತೆ ಎರಡೂವರೆ ವರ್ಷ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಇನ್ನಷ್ಟು ಬಗೆಯ ಪರಿಣಾಮಗಳನ್ನು ಸೇರಿಸಿ ಲೆಕ್ಕ ಹಾಕಿ, ಸಾಮಾನ್ಯ ಹತ್ತಿಯ ಚೀಲಕ್ಕೆ 7,100 ಬಾರಿ ಎಂದಿತು. ಈ ಸಂಖ್ಯೆಯನ್ನು ಹಿಡಿದುಕೊಂಡು, ಹಾಗಾದರೆ ಪ್ಲಾಸ್ಟಿಕ್ಕೇ ಒಳ್ಳೆಯದು ಎಂದು ವಾದಿಸುವವರನ್ನು ನಾನು ಬಹಳ ಕಂಡಿದ್ದೇನೆ. ಅವರು ಒಂದನ್ನು ಬಿಡುತ್ತಾರೆ. ಡೆನ್ಮಾರ್ಕಿನಲ್ಲಿ ಬಳಸಿದ ಕವರು ಕಸದ ಡಬ್ಬಿಗೆ ಹೋಗಿ, ಅಲ್ಲಿಂದ ಕಸ ಸುಟ್ಟು ಶಾಖ ತೆಗೆಯುವ ಸ್ಥಾವರಕ್ಕೆ ಹೋಗುತ್ತದೆ. ಬೀದಿಗೆ ಬಿದ್ದು ಹಾರಿಹೋಗುವ ಕವರಿನ ಹಾನಿ ಆ ಲೆಕ್ಕದಲ್ಲಿ ಸೇರಿಲ್ಲ. ನಮ್ಮ ಊರಿನಲ್ಲಿ ಕವರಿನ ಕಥೆ ಮುಗಿಯುವುದು ಬೇರೆ ಕಡೆ: ಚರಂಡಿಯಲ್ಲಿ, ಕೆರೆಯ ಅಂಚಿನಲ್ಲಿ, ದನದ ಹೊಟ್ಟೆಯಲ್ಲಿ.

ದನದ ಹೊಟ್ಟೆ ಎಂದದ್ದು ಮಾತಿನ ಅಲಂಕಾರವಲ್ಲ. ಅಡುಗೆಮನೆಯ ಸಿಪ್ಪೆ, ಉಳಿದ ಅನ್ನವನ್ನು ಕವರಿನಲ್ಲಿ ಕಟ್ಟಿ ಬೀದಿಯ ಮೂಲೆಗೆ ಇಟ್ಟರೆ, ಬಿಡಾಡಿ ದನ ಗಂಟು ಬಿಚ್ಚಲಾರದೆ ಕವರಿನ ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ, ಹೊರಕ್ಕೂ ಹೋಗುವುದಿಲ್ಲ, ಉಂಡೆಯಾಗಿ ಬೆಳೆಯುತ್ತದೆ. ಪುಟ್ಟಪರ್ತಿಯ ಕರುಣಾ ಸೊಸೈಟಿಯವರು ಅಂಥ ದನಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದದ್ದನ್ನು ಮುಂದಿಟ್ಟುಕೊಂಡು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ನಮ್ಮ ಬೀದಿಯಲ್ಲಿಯೂ ಹೊಟ್ಟೆ ಉಬ್ಬಿ, ಮೇವು ಬಿಟ್ಟು, ಮೂರು ದಿನ ಒಂದೇ ಕಡೆ ಮಲಗಿದ್ದ ಹಸುವನ್ನು ನಾನು ಕಂಡಿದ್ದೇನೆ. ಬಾಂಗ್ಲಾದೇಶದಲ್ಲಿ 1988 ಮತ್ತು 1998ರ ಮಹಾಪ್ರವಾಹಗಳಲ್ಲಿ ಚರಂಡಿಗಳಿಗೆ ಕವರು ಕಟ್ಟಿಕೊಂಡು ನೀರು ಇಳಿಯದೆ ಹೋದ ಅನುಭವವೇ, 2002ರಲ್ಲಿ ತೆಳು ಕವರುಗಳನ್ನು ನಿಷೇಧಿಸಿದ ಮೊದಲ ದೇಶವನ್ನಾಗಿ ಅದನ್ನು ಮಾಡಿತು. ಐರ್ಲೆಂಡಿನ ತೆರಿಗೆಯೂ ಅದೇ ವರ್ಷದ್ದು. ಒಂದು ಕಡೆ ಕಣ್ಣಿಗೆ ಕಾಣುವ ಮರದ ಕೊಂಬೆ ಕಾರಣ, ಇನ್ನೊಂದು ಕಡೆ ಮನೆಯೊಳಗೆ ನುಗ್ಗಿದ ನೀರು. ಇಷ್ಟು ಪೆಟ್ಟು ತಿಂದ ಬಾಂಗ್ಲಾದೇಶದಲ್ಲಿ ಕವರು ಮತ್ತೆ ಮಾರುಕಟ್ಟೆಗೆ ಬಂತು, ಐರ್ಲೆಂಡಿನಲ್ಲಿ ಬರಲಿಲ್ಲ. ವಿಚಿತ್ರವೆಂದರೆ ಅದಕ್ಕೂ ಎಷ್ಟೋ ಮೊದಲು, 1978ರಲ್ಲಿ, ಜರ್ಮನಿಯಲ್ಲಿ 'ಪ್ಲಾಸ್ಟಿಕ್ ಬದಲು ಸೆಣಬು' ಎಂಬ ಚಳವಳಿ ಹುಟ್ಟಿದಾಗ ಅಲ್ಲಿನ ಜನ ಹೆಗಲಿಗೆ ಹಾಕಿಕೊಂಡ ಚೀಲಗಳನ್ನು ಹೊಲಿದವರು ಬಾಂಗ್ಲಾದೇಶದ ಹೆಂಗಸರು.

ಅಮ್ಮನ 63 ಚೀಲಗಳ ವಿಷಯಕ್ಕೆ ಬರುತ್ತೇನೆ. ಒಂದು ಬೆಳಿಗ್ಗೆ ಸೊಪ್ಪಿನ ಗಾಡಿಯವರಿಗೆ ನಾನು ನೇರವಾಗಿ ಹೇಳಿದೆ: ಕವರು ಬೇಡ ಎನ್ನುವುದು ನಿಮ್ಮ ಮೇಲಿನ ಬೇಸರದಿಂದಲ್ಲ, ಕೊಸರು ಬೇಕೇ ಬೇಕು, ಕವರಿನ ಬದಲು ಕರಿಬೇವು ಹಾಕಿ. ಅವರು ನಕ್ಕು ಒಂದು ಎಸಳಿನ ಜಾಗದಲ್ಲಿ ಮೂರು ಎಸಳು ಹಾಕಿದರು. ಅಲ್ಲಿಂದ ಮುಂದೆ ನನ್ನ ಚೀಲ ನೋಡಿದ ಕೂಡಲೇ ಅವರ ಕೈ ಕರಿಬೇವಿನ ಕಡೆಗೆ ಹೋಗುತ್ತಿತ್ತು. ತಿಂಗಳು ಕಳೆದ ಮೇಲೆ ಕಪಾಟಿನಲ್ಲಿದ್ದ ಚೀಲಗಳಲ್ಲಿ ಹತ್ತಿಯ ಮತ್ತು ಸೆಣಬಿನ 41ನ್ನು ಆರಿಸಿ ತೆಗೆದು, ಬರಿಗೈಯಲ್ಲಿ ಬರುವವರಿಗೆ ಕವರಿನ ಬದಲು ಇವನ್ನು ಕೊಡುತ್ತೀರಾ ಎಂದು ಕೇಳಿದೆ. ಅವರು ಒಂದನ್ನು ತಿರುಗಿಸಿ ನೋಡಿ, ವಧೂವರರ ಹೆಸರಿನ ಮೇಲೆ ಬೆರಳಾಡಿಸಿ, "ಮದ್ವೆ ಚೀಲ ಕಣಕ್ಕಾ, ಹಿಂಗೆ ಕೊಟ್ಬುಡಬೋದಾ?" ಎಂದರು. ಕೊಡಬಹುದು, ಅಮ್ಮನೂ ಬೇಡವೆನ್ನುತ್ತಿರಲಿಲ್ಲ ಎಂದೆ.

ಹತ್ತು ದಿನಗಳಲ್ಲಿ 41 ಚೀಲಗಳೂ ಮುಗಿದವು. ಮುಂದಿನ ವಾರ ಅವರನ್ನು ಕೇಳಿದಾಗ, ಅವುಗಳಲ್ಲಿ ಮೂರು ಗಾಡಿಗೆ ಮತ್ತೆ ಬಂದಿವೆ ಎಂದರು, ಕೈಯಲ್ಲಿ ಹಿಡಿದುಕೊಂಡು ಬಂದ ಗಿರಾಕಿಗಳ ಜೊತೆ. ಅವರಲ್ಲಿ ಒಬ್ಬರು ಎರಡನೆಯ ಅಡ್ಡರಸ್ತೆಯ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು. ಅವನ ಚೀಲದ ಮೇಲೆ ನನ್ನ ಚಿಕ್ಕಮ್ಮನ ಮಗಳ ಹೆಸರಿದೆ. ಅವನಿಗೂ ಮೂರು ಎಸಳು ಕರಿಬೇವು ಹಾಕಿದೆ ಎಂದು ಅವರು ಹೇಳಿದರು.